ಕಾಳುಮೆಣಸಿನ ರಾಣಿಗೆ ಹೊಲಿದ ರವಿಕೆ

ಹೊನ್ನಾವರ, ಕುಮಟಾ, ಭಟ್ಕಳದ ಕಡೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಚೆನ್ನಭೈರಾದೇವಿ ರಂಗಕ್ಕೆ ಬಂದಾಗ ಅವಳ ಮೈಮೇಲೆ ಸಾಮಾನ್ಯವಾಗಿ ಮಖಮಲ್ಲು ಇರುತ್ತದೆ. ಕೆಂಪೋ ನೇರಳೆಯೋ ಬಣ್ಣ, ಅಂಚಿಗೆ ಹೊಲಿದ ಜರಿ ಲೇಸು, ಮೊಣಕೈವರೆಗಿನ ಬಿಗಿ ತೋಳು, ಬೆನ್ನಿಗೆ ಇಳಿಬಿಟ್ಟ ಸ್ಯಾಟಿನ್ ವಸ್ತ್ರ. ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ರಾಣಿಯ ಹೆಸರು ಘಟ್ಟದ ಮೇಲೂ ಮನೆಮಾತಾಯಿತು. ವೇಷ ಮಾತ್ರ ಕಂಪನಿ ನಾಟಕದ ಕಾಲದಲ್ಲೇ ನಿಂತಿದೆ.

ವಿದ್ಯಾರ್ಥಿ ದೆಸೆಯಲ್ಲಿ ಗೆಳತಿಯರು ಸೇರಿ ನಾವೂ ಇಂಥದೊಂದನ್ನು ಹೊಲಿದಿದ್ದೆವು. ಯಂತ್ರ ಮನೆಯದು, ಅಳತೆ ಯಾರದೋ ಹಳೆಯ ಬ್ಲೌಸಿನದು, ಕಲ್ಪನೆ ಕ್ಯಾಲೆಂಡರ್ ಚಿತ್ರಗಳದು. ನಿಂತಾಗ ರವಿಕೆ ಚೆನ್ನಾಗಿಯೇ ಕೂತಿತ್ತು. ರಾಣಿ ಕತ್ತಿ ಎತ್ತಿದ ಕೂಡಲೇ ಸೊಂಟದ ಪಟ್ಟಿ ಮೇಲೇರಿ, ಕಂಕುಳ ಹೊಲಿಗೆ ಬಿಟ್ಟಿತು. ನಾಟಕ ಮುಗಿಯುವ ಹೊತ್ತಿಗೆ ಪಾತ್ರಧಾರಿ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಆಗ ಅದು ನಗೆಯ ವಿಷಯ. ಈಗ ನೋಡಿದರೆ ಆ ಒಂದು ರವಿಕೆಯಲ್ಲಿ ಜ್ಯಾಮಿತಿ, ನಾರಿನ ರಸಾಯನಶಾಸ್ತ್ರ, ನಮ್ಮ ಕರಾವಳಿಯ ಹವೆ ಎಲ್ಲವೂ ಒಟ್ಟಿಗೆ ತಕರಾರು ಎತ್ತಿದ್ದವು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು: ರಾಣಿ ಹೊಲಿದ ಬಟ್ಟೆ ತೊಡುತ್ತಿದ್ದಳೆ?

ಗೇರುಸೊಪ್ಪೆಯ ಈ ಜೈನ ರಾಣಿ ಆಳಿದ್ದು 16ನೇ ಶತಮಾನದ ಉತ್ತರಾರ್ಧದಲ್ಲಿ. 1552ರಿಂದ 1606ರವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪೋರ್ಚುಗೀಸರಿಗೆ ಅವಳು ಕಾಳುಮೆಣಸಿನ ರಾಣಿ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್‌ಷೋಟೆನ್, ಹೊನ್ನಾವರದ ಮೆಣಸು ಉತ್ತಮವಾದದ್ದೆಂದೂ ಅದರ ಹಣವನ್ನು ಅರ್ಧ ವರ್ಷ ಮೊದಲೇ ರಾಣಿಗೆ ಕೊಡಬೇಕೆಂದೂ ಬರೆದಿಟ್ಟಿದ್ದಾನೆ. ವ್ಯಾಪಾರದ ಶರತ್ತು ಇಷ್ಟು ವಿವರವಾಗಿ ಉಳಿದಿದೆ. ಅಘನಾಶಿನಿಯ ದಡದಲ್ಲಿ ಅವಳ ಹೆಸರಿನೊಂದಿಗೆ ಸೇರಿಕೊಂಡ ಮಿರ್ಜಾನ್ ಕೋಟೆ ಉಳಿದಿದೆ. ಅವಳು ಉಟ್ಟ ಬಟ್ಟೆಯ ಒಂದು ಎಳೆಯೂ ಉಳಿದಿಲ್ಲ.

ಉಳಿಯದಿರುವುದಕ್ಕೆ ಕಾರಣ ನಮ್ಮ ಹವೆಯೇ. ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಕಣಗಳು ಸಾಲಾಗಿ ಕೈಹಿಡಿದ ಉದ್ದನೆಯ ಸರಪಳಿ. ಈ ಸರಪಳಿಯನ್ನು ತುಂಡರಿಸುವ ಕಿಣ್ವ ಬೂಷ್ಟುಗಳ ಬಳಿ ಇದೆ, ಮತ್ತು ಗಾಳಿಯ ತೇವಾಂಶ ಶೇ. 70 ದಾಟಿದರೆ ಬೂಷ್ಟಿಗೆ ಹಬ್ಬ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಪಟ್ಟಿಯಲ್ಲಿ ಮಳೆಗಾಲ ಪೂರ್ತಿ ಅದೇ ಸ್ಥಿತಿ. ಮಣ್ಣಿನಲ್ಲಿ ಹೂತದ್ದಕ್ಕೂ ರಕ್ಷಣೆಯಿಲ್ಲ. ಚಿರೆಕಲ್ಲಿನ ನೆಲ ಹುಳಿಗುಣದ್ದು. ಸೆಲ್ಯುಲೋಸಿಗೆ ಹುಳಿ ಆಗದು.

ಹಾಗಾಗಿ ಭಾರತದ ಹಳೆಯ ಹತ್ತಿಬಟ್ಟೆಗಳನ್ನು ನೋಡಬೇಕಾದರೆ ಭಾರತ ಬಿಟ್ಟು ಹೋಗಬೇಕು. ಹಳೆಯ ಕೈರೋದ ಫುಸ್ತಾತ್ ಎಂಬಲ್ಲಿ ಒಣ ಮರಳಿನ ಕೃಪೆಯಿಂದ ಮಧ್ಯಯುಗದ ಭಾರತೀಯ ಚೀಟುಬಟ್ಟೆಯ ತುಂಡುಗಳು ದೊಡ್ಡ ಪ್ರಮಾಣದಲ್ಲಿ ಸಿಕ್ಕವು. ಅವು ಹೆಚ್ಚಾಗಿ ಗುಜರಾತಿನವು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ತುಂಡುಗಳಿವೆ. ನಮ್ಮ ಉಪಖಂಡದಲ್ಲೇ ಉಳಿದದ್ದು ಲೋಹದ ನೆರಳಿನಲ್ಲಿ. ಮೊಹೆಂಜೊದಾರೋದ ಹತ್ತಿಬಟ್ಟೆ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿಯಿತು. ಮೆಹರ್‌ಗಢದ ಹತ್ತಿಯ ಎಳೆಗಳು ತಾಮ್ರದ ಮಣಿಯೊಂದರ ತೂತಿನಲ್ಲಿ ಸಿಕ್ಕವು. ಲೋಹ ಕಿಲುಬಿದಾಗ ಹುಟ್ಟುವ ಲವಣಗಳು ಬೂಷ್ಟು, ಬ್ಯಾಕ್ಟೀರಿಯಗಳಿಗೆ ವಿಷ. ನನ್ನ ಅಂದಾಜಿನಲ್ಲಿ ನಮ್ಮ ಕಡೆ ಹಳೆಯ ಬಟ್ಟೆಯ ಗುರುತು ಎಂದಾದರೂ ಸಿಕ್ಕರೆ ಅದು ಕಂಚಿನ ಮೂರ್ತಿಯ ತಳದಲ್ಲೋ ತಾಮ್ರದ ಚೆಂಬಿನ ಕಿಲುಬಿನಲ್ಲೋ ಸಿಗಬೇಕು.

ಬಟ್ಟೆ ಇಲ್ಲದ ಮೇಲೆ ಸಾಕ್ಷಿ ಹೇಳುವವರು ಪ್ರವಾಸಿಗರು. ಅವರಲ್ಲಿ ಎಲ್ಲರಿಗಿಂತ ಮೊದಲಿಗ ಇಬ್ನ್ ಬತೂತ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಾಗ ಅಲ್ಲಿ ಸುಲ್ತಾನ್ ಜಮಾಲುದ್ದೀನನ ಆಳ್ವಿಕೆ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳಿದ್ದವೆಂದು ಎಣಿಸಿ ಬರೆದ ಮನುಷ್ಯ ಆತ, ಕಣ್ಣು ಚುರುಕು. ಈ ಊರಿನ ಮತ್ತು ಈ ಕರಾವಳಿಯ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ಉಂಗುರ ಹಾಕುತ್ತಾರೆ ಎನ್ನುತ್ತಾನೆ. ಆತ ಹೇಳುತ್ತಿರುವುದು ಮುಸಲ್ಮಾನ ಹೆಂಗಸರ ಬಗ್ಗೆ ಎಂಬುದನ್ನು ಗಮನಿಸಬೇಕು. ಸೀರೆಯೆಂದರೆ ಒಂದು ಧರ್ಮದ್ದು, ಹೊಲಿಗೆಯೆಂದರೆ ಇನ್ನೊಂದರದ್ದು ಎಂಬ ಈಗಿನ ಸುಲಭ ಲೆಕ್ಕ 14ನೇ ಶತಮಾನದ ಹೊನ್ನಾವರದಲ್ಲಿ ನಡೆಯುವುದಿಲ್ಲ.

ಎರಡನೆಯವನು ಪೋರ್ಚುಗೀಸ ದುವಾರ್ತೆ ಬಾರ್ಬೋಸ, 16ನೇ ಶತಮಾನದ ಆರಂಭದವನು. ವಿಜಯನಗರದ ಹೆಂಗಸರು ತೆಳು ಹತ್ತಿಯ ಅಥವಾ ಬಣ್ಣದ ರೇಷ್ಮೆಯ ಐದು ಗಜದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ಒಂದು ತೋಳೂ ಹೆಗಲೂ ತೆರೆದಿರುವಂತೆ ಎದೆಯ ಮೇಲಿಂದ ಹಾಯಿಸುತ್ತಾರೆ ಎಂದು ಅವನ ವರ್ಣನೆ.

ಮೂರನೆಯ ಸಾಕ್ಷಿ ರಾಣಿಯ ಕಾಲಕ್ಕೆ ತೀರ ಹತ್ತಿರದ್ದು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟವನು ಹೊನ್ನಾವರದಲ್ಲಿ ಇಳಿದು ಶರಾವತಿಯಲ್ಲಿ ದೋಣಿ ಏರಿದ. ನದಿಯನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆಯಲ್ಲಿ ಅವನಿಗೆ ಕಂಡದ್ದು ಪಾಳುಬಿದ್ದು ಮರ ಬೆಳೆದ ಅರಮನೆ. ಆದರೆ ಅದೇ ಪ್ರವಾಸದಲ್ಲಿ, ಮಂಗಳೂರಿನ ಸಮೀಪ, ಆತ ಉಳ್ಳಾಲದ ರಾಣಿಯನ್ನು ಮುಖಾಮುಖಿ ಕಂಡ. ಅವಳು ನೀರಿನ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿಬಟ್ಟೆ. ತಲೆಗೆ ಸುತ್ತಿದ ಬಟ್ಟೆಯ ತುದಿ ಎದೆ ಹೆಗಲುಗಳ ಮೇಲೆ ಸ್ವಲ್ಪ ಇಳಿದಿತ್ತು. ಅದರ ಹೊರತು ಸೊಂಟದ ಮೇಲೆ ಏನೂ ಇರಲಿಲ್ಲ. ಯುರೋಪಿನಿಂದ ಬಂದವನಿಗೆ ಇದು ಅಡುಗೆಮನೆಯ ಆಳಿನ ಉಡುಪಿನಂತೆ ಕಂಡಿತು. ಅವನ ಮೂಗುಮುರಿತ ಬದಿಗಿಟ್ಟು ವಿವರ ಮಾತ್ರ ತೆಗೆದುಕೊಂಡರೂ ಸಾಕು: ಕರಾವಳಿಯ ಒಬ್ಬ ಪಟ್ಟದ ರಾಣಿ ಕೆಲಸದ ದಿನ ಕತ್ತರಿ ಕಾಣದ ಬಟ್ಟೆಯಲ್ಲಿ ಇದ್ದಳು.

ಹಾಗಾದರೆ ಹೊಲಿಗೆ ಗೊತ್ತೇ ಇರಲಿಲ್ಲವೆ? ಗೊತ್ತಿತ್ತು. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಹೊಲಿಗೆ ಅವನ ಕಾಯಕ. ವಿಜಯನಗರದ ಆಸ್ಥಾನದಲ್ಲಿ ಗಂಡಸರು ಹೊಲಿದ ಉದ್ದನೆಯ ಕಬಾಯಿ, ತಲೆಗೆ ಎತ್ತರದ ಕುಲ್ಲಾಯಿ ತೊಡುತ್ತಿದ್ದರು. 1530ರ ದಶಕದ ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಅವೆರಡನ್ನೂ ನೋಡಬಹುದು; ಅಲ್ಲಿ ರವಿಕೆ ತೊಟ್ಟ ಹೆಂಗಸರೂ ಇದ್ದಾರೆ. ಅಮೆರಿಕದ ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಇದರ ಮೇಲೆ ಬರೆದ ಲೇಖನ ಈಗಲೂ ಓದಬೇಕಾದದ್ದು. ಅವನ ಪ್ರಕಾರ ಈ ಹೊಲಿದ ಉಡುಪು ದೊಡ್ಡ ಇಸ್ಲಾಮಿ ಜಗತ್ತಿನೊಂದಿಗೆ ಸಮಾನವಾಗಿ ವ್ಯವಹರಿಸುವ ದರಬಾರಿನದು. ತಿರುಮಲೆಯ ಕೃಷ್ಣದೇವರಾಯನ ಲೋಹಪ್ರತಿಮೆಯನ್ನು ನೋಡಿ: ದೇವರ ಮುಂದೆ ಕೈಮುಗಿದು ನಿಂತವನ ತಲೆಯಲ್ಲಿ ಕುಲ್ಲಾಯಿ ಇದೆ, ಎದೆ ಮಾತ್ರ ಬರಿದು. ಯಾವ ಕಡೆ ಏನು ತೊಡಬೇಕೆಂಬ ನಿಯಮ ಅವರಿಗೆ ಸ್ಪಷ್ಟವಿತ್ತು.

ಭಟ್ಕಳದ ಕೇತಪೈ ನಾರಾಯಣ ದೇವಾಲಯದ ಗೋಡೆಗಳ ಉಬ್ಬುಶಿಲ್ಪ ಇದೇ 16ನೇ ಶತಮಾನದ್ದು, ನಮ್ಮ ನೆಲದ್ದು. ಆದರೆ ಕಲ್ಲು ಈ ವಿಷಯದಲ್ಲಿ ಕೆಟ್ಟ ಸಾಕ್ಷಿ. ತೋಳಿನ ನಡುವೆ ಶಿಲ್ಪಿ ಕೊರೆದ ಒಂದು ಗೆರೆ ರವಿಕೆಯ ಅಂಚೂ ಆಗಬಹುದು, ತೋಳಬಂದಿಯೂ ಆಗಬಹುದು. ಬಣ್ಣವಿದ್ದಿದ್ದರೆ ಗೊತ್ತಾಗುತ್ತಿತ್ತು.

ನನ್ನ ತೀರ್ಮಾನ ಇಷ್ಟು. ಚೆನ್ನಭೈರಾದೇವಿ ದರಬಾರಿನಲ್ಲಿ ಹೊಲಿದ ಕುಪ್ಪಸ ತೊಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಅವಳ ಉಡುಪಿನ ಜೀವಾಳ ಸುತ್ತಿ ಉಟ್ಟ ಬಟ್ಟೆ, ಹೊಲಿಗೆಯಲ್ಲ. ನಾವು ಕತ್ತರಿಯಿಂದ ಶುರುಮಾಡಿದ್ದೆವು.

ಇನ್ನು ಆ ಹರಿದ ಕಂಕುಳು. ಮರುದಿನ ಅದನ್ನು ದುರಸ್ತಿಗೆ ಒಯ್ದಾಗ ಟೈಲರ್ ಬಟ್ಟೆಯನ್ನು ಅತ್ತಿತ್ತ ತಿರುಗಿಸಿ, "ಬಟ್ಟೆ ಗಟ್ಟಿನೇ ಐತಿ ತಂಗಿ, ಕೈ ಎತ್ತೂದು ಲೆಕ್ಕಕ್ಕೆ ತಗಂಡಿಲ್ಲ" ಅಂದಿದ್ದರು. ಗಣಿತಜ್ಞರು ಇದನ್ನೇ ಹೇಳಲು ಹೆಚ್ಚು ಮಾತು ತೆಗೆದುಕೊಂಡಿದ್ದಾರೆ. ಎರಡು ದಿಕ್ಕಿನಲ್ಲೂ ಬಾಗಿದ ಮೈಯನ್ನು ಚಪ್ಪಟೆ ಹಾಳೆಯಿಂದ ಹಿಗ್ಗಿಸದೆ, ಸುಕ್ಕಿಲ್ಲದೆ ಮುಚ್ಚಲಾಗದು ಎಂಬುದು ಗೌಸ್ 1827ರಲ್ಲಿ ತೋರಿಸಿದ ಪ್ರಮೇಯದ ಫಲ. ಹಾಗಿದ್ದೂ ಬಟ್ಟೆ ಮೈಗೆ ಕೂರುತ್ತದೆ, ಏಕೆಂದರೆ ಅದು ಹಾಳೆಯಲ್ಲ, ನೇಯ್ಗೆ. ಹಾಸು ಮತ್ತು ಹೊಕ್ಕಿನ ಎಳೆಗಳು ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ಆದರೆ ಅವು ಒಂದನ್ನೊಂದು ದಾಟುವ ಕೋನ ಬದಲಾಗಬಲ್ಲದು. ಕಾಸರಕೋಡಿನ ದಡದಲ್ಲಿ ಬಲೆಯನ್ನು ಮೂಲೆ ಹಿಡಿದು ಎಳೆದಾಗ ಚೌಕದ ಕಣ್ಣುಗಳು ಓರೆಯಾಗುವುದನ್ನು ಕಂಡವರಿಗೆ ಇದು ಹೊಸತಲ್ಲ. ಬಟ್ಟೆಯನ್ನು ಉದ್ದಕ್ಕೋ ಅಡ್ಡಕ್ಕೋ ಎಳೆದರೆ ಬಿಗಿ, ಟೈಲರುಗಳು ಕ್ರಾಸ್ ಎನ್ನುವ ಓರೆ ದಿಕ್ಕಿನಲ್ಲಿ ಎಳೆದರೆ ಸಡಿಲ.

ರಷ್ಯದ ಗಣಿತಜ್ಞ ಪಾಫ್ನೂತಿ ಚೆಬಿಷೆವ್ 1878ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಮಾವೇಶದಲ್ಲಿ ಒಂದು ಉಪನ್ಯಾಸ ಕೊಟ್ಟ. ವಿಷಯ: ಬಟ್ಟೆ ಕತ್ತರಿಸುವ ಬಗೆ. ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡಿ ಹೆಸರಾದ ಆ ಮಹಾನುಭಾವ, ನೇಯ್ದ ಬಟ್ಟೆಯ ಎಳೆಗಳ ನಡುವಿನ ಕೋನ ಎಲ್ಲಿ ಎಷ್ಟು ಬದಲಾದರೆ ಅದು ಚೆಂಡಿನ ಮೈಗೆ ಅಂಟಿ ಕೂರುತ್ತದೆಂದು ಲೆಕ್ಕ ಹಾಕಿ ತೋರಿಸಿದ. ಆ ಬಗೆಯ ಜಾಲಕ್ಕೆ ಈಗ ಅವನದೇ ಹೆಸರು. ಬಾಗಿದ ಚಾವಣಿಗಳ ವಿನ್ಯಾಸದಲ್ಲೂ ಅದು ಬಳಕೆಯಾಗುತ್ತದೆ. ಕೋನ ಬದಲಾವಣೆಗೂ ಒಂದು ಮಿತಿಯಿದೆ, ಅದನ್ನು ಮೀರಿದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಅಲ್ಲಿಂದ ಮುಂದೆ ಕತ್ತರಿಗೆ ಕೆಲಸ. ಬ್ಲೌಸಿಗೆ ಹಿಡಿಯುವ ಟಕ್ಸ್ ಅಂದರೆ ಹೆಚ್ಚುವರಿ ಕೋನವನ್ನು ಮಡಚಿ ತೆಗೆದುಹಾಕುವುದು, ಅಷ್ಟೇ.

ಕೈ ಇಳಿಬಿಟ್ಟಾಗ ಸೊಂಟದಿಂದ ಕಂಕುಳ ಮೂಲಕ ಮೊಣಕೈಗೆ ಇರುವ ದೂರಕ್ಕಿಂತ, ಕೈ ಎತ್ತಿದಾಗಿನ ದೂರ ಬಹಳ ಹೆಚ್ಚು. ನಿಂತ ಭಂಗಿಗೆ ಬಿಗಿಯಾಗಿ ಕತ್ತರಿಸಿದ ರವಿಕೆಯಲ್ಲಿ ಆ ಹೆಚ್ಚುವರಿ ಬಟ್ಟೆ ಎಲ್ಲಿಂದ ಬರಬೇಕು? ಮೊದಲು ಸೊಂಟದ ಪಟ್ಟಿಯನ್ನು ಮೇಲೆಳೆಯುತ್ತದೆ, ಅದೂ ಸಾಲದಿದ್ದರೆ ಹೊಲಿಗೆ ಬಿಡುತ್ತದೆ. ಹಳಬರ ಪರಿಹಾರ ಸೊಗಸಾದದ್ದು. ಕಂಕುಳಲ್ಲಿ ಚಿಕ್ಕದೊಂದು ಚೌಕದ ತುಂಡನ್ನು ಮೂಲೆಯ ಮೇಲೆ ನಿಲ್ಲಿಸಿ ಹೊಲಿಯುತ್ತಿದ್ದರು. ಕೈ ಎತ್ತಿದಾಗ ಎಳೆತ ಆ ಚೌಕದ ಕರ್ಣದ ಮೇಲೆ ಬೀಳುತ್ತದೆ, ಅದು ಓರೆಯ ದಿಕ್ಕು, ಸಡಿಲಗೊಳ್ಳುತ್ತದೆ. ಹಳೆಯ ಕುರ್ತಾ, ಅಂಗರಖಾಗಳಲ್ಲಿ ಈ ತುಂಡನ್ನು ಈಗಲೂ ನೋಡಬಹುದು.

ಹಳೆಯ ಹೊಲಿಗೆಯ ಇನ್ನೊಂದು ಗುಣ ಜಿಪುಣತನ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿ ಮಾಡುವವರೆಗೆ, ಒಬ್ಬನೇ ನೇಯುವ ಬಟ್ಟೆಯ ಅಗಲ ನೇಕಾರ ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಬಲ್ಲಷ್ಟೇ. ಎಳೆಯನ್ನೆಲ್ಲ ಕೈಯಲ್ಲಿ ನೂತ ಕಾಲದಲ್ಲಿ ಬಟ್ಟೆಯ ಚೂರು ಬಿಸಾಡುವ ಮಾತಿರಲಿಲ್ಲ. ಮೈಗೆ, ತೋಳಿಗೆ ಆಯತಗಳು. ಕೆಳಗೆ ಘೇರು ಬೇಕಾದರೆ ಆಯತವನ್ನು ಮೂಲೆಯಿಂದ ಮೂಲೆಗೆ ಸೀಳಿ ಎರಡು ತ್ರಿಕೋನ. ದುಂಡಗೆ ಕತ್ತರಿಸಿದ ಕಂಕುಳ ಸುತ್ತು, ಅದಕ್ಕೆ ಹೊಂದುವ ಉಬ್ಬುತಲೆಯ ತೋಳು ನಮ್ಮ ಬ್ಲೌಸಿಗೆ ಬಂದದ್ದು ಯುರೋಪಿನ ಕತ್ತರಿಯಿಂದ, ತೀರ ಈಚೆಗೆ.

ಹೊಲಿಯದ ಬಟ್ಟೆಯ ವಿಜ್ಞಾನ ಇದಕ್ಕಿಂತ ಸ್ವಾರಸ್ಯದ್ದು. ಪಿನ್ನಿಲ್ಲದೆ, ಗುಂಡಿಯಿಲ್ಲದೆ ಸೀರೆ ಸೊಂಟದಲ್ಲಿ ನಿಲ್ಲುವುದು ಹೇಗೆ? ಹಡಗಿನವರು ಧಕ್ಕೆಯ ಗೂಟಕ್ಕೆ ಹಗ್ಗ ಸುತ್ತುವಾಗ ಬಳಸುವ ನಿಯಮವೇ ಇಲ್ಲಿಯೂ. ಆಯ್ಲರ್ ಕಾಲದಿಂದ ಗೊತ್ತಿರುವ ಸೂತ್ರವದು: ಸುತ್ತು ಹೆಚ್ಚಿದಂತೆ ಘರ್ಷಣೆಯ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಪೂರ್ತಿ ಒಂದು ಸುತ್ತಿಗೆ ಒಂದು ತುದಿಯ ಎಳೆತವನ್ನು ಇನ್ನೊಂದು ತುದಿಯಲ್ಲಿ ಸುಮಾರು ಆರೂವರೆಯಲ್ಲಿ ಒಂದು ಪಾಲು ಬಲದಿಂದ ತಡೆಯಬಹುದು. ಎರಡು ಸುತ್ತಿಗೆ ನಲವತ್ತಮೂರರಲ್ಲಿ ಒಂದು ಪಾಲು ಸಾಕು. ಸಿಕ್ಕಿಸಿದ ನೆರಿಗೆ ಹಿಡಿಯಬೇಕಾದ ಭಾರ ಅಷ್ಟು ಅಲ್ಪ. ಘರ್ಷಣೆ ಅರ್ಧಕ್ಕಿಳಿದರೆ ಎರಡು ಸುತ್ತು ಒಂದೇ ಸುತ್ತಿನ ಕೆಲಸ ಮಾಡುತ್ತದೆ. ನುಣುಪಾದ ಪಾಲಿಯೆಸ್ಟರ್ ಸೀರೆ ಜಾರುವುದೂ, ಒರಟು ಹತ್ತಿಯ ಸೀರೆ ಕಚ್ಚಿ ಕೂರುವುದೂ ಇದಕ್ಕೇ.

ಈ ನಿಯಮದ ನಿತ್ಯದ ಪರೀಕ್ಷೆ ನಡೆಯುವುದು ಯಕ್ಷಗಾನದ ಚೌಕಿಯಲ್ಲಿ. ಹೊನ್ನಾವರ ತಾಲೂಕಿನ ಗುಣವಂತೆಯ ಇಡಗುಂಜಿ ಮೇಳವನ್ನು ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದರು. ಇಂದಿಗೂ ಅದು ನಡೆಯುತ್ತಿದೆ. ಬಡಗಿನ ವೇಷಧಾರಿಯ ಮೈಮೇಲೆ ಹೊಲಿದದ್ದೂ ಇದೆ, ಹೊಲಿಯದ್ದೂ ಇದೆ. ದಗಲೆ ಹೊಲಿದದ್ದು, ತೋಳಿಗೆ ಸಡಿಲು. ಚೌಕುಳಿಯ ಕಸೆ ಸೀರೆ ಮಾತ್ರ ಸುತ್ತಿ, ಬಿಗಿದು, ಸಿಕ್ಕಿಸಿದ್ದು. ಮಂಡಿ ಕುಣಿತವಿರಲಿ, ದಿಗಿಣ ಹಾರುವುದಿರಲಿ, ರಾತ್ರಿಯಿಡೀ ಅದು ಬಿಚ್ಚಿಕೊಳ್ಳಬಾರದು. ನಮ್ಮ ರಾಣಿಯ ಮಖಮಲ್ಲು ಒಂದು ಕತ್ತಿ ಎತ್ತುವುದನ್ನು ತಾಳಲಿಲ್ಲ! ಯಕ್ಷಗಾನದ ವೇಷವನ್ನು 16ನೇ ಶತಮಾನದ ಉಡುಪಿನ ಪಡಿಯಚ್ಚು ಎಂದು ನಾನು ಹೇಳುತ್ತಿಲ್ಲ. ಅದು ರಂಗದ ಕಲ್ಪನೆ, ತನ್ನದೇ ದಾರಿಯಲ್ಲಿ ಬೆಳೆದದ್ದು. ಆದರೆ ಈ ಹವೆಯಲ್ಲಿ ಕುಣಿಯುವ ಮೈಗೆ ಬಟ್ಟೆ ಕಟ್ಟುವ ಕಲೆಯನ್ನು ಕಲಿಯಬೇಕಾದರೆ ಚೌಕಿಗಿಂತ ಒಳ್ಳೆಯ ಪ್ರಯೋಗಾಲಯ ಬೇರೆ ಕಾಣೆ.

ಬೆವರಿನ ಕಥೆ ಚಿಕ್ಕದು. ಗಾಳಿಯ ತೇವಾಂಶ ಶೇ. 65 ಇರುವಾಗ ಹತ್ತಿ ತನ್ನ ಒಣತೂಕದ ಶೇ. 8ರಷ್ಟು ನೀರನ್ನು ನಾರಿನೊಳಗೆ ಹಿಡಿದಿಡುತ್ತದೆ, ರೇಷ್ಮೆ ಶೇ. 11ರಷ್ಟು, ಪಾಲಿಯೆಸ್ಟರ್ ಶೇ. 0.4 ಮಾತ್ರ. ಅಂಗಡಿಯ ಅಗ್ಗದ ಮಖಮಲ್ಲು, ಸ್ಯಾಟಿನ್ ಎರಡೂ ಬಹುಪಾಲು ಪಾಲಿಯೆಸ್ಟರ್. ಜೊತೆಗೆ ಮಖಮಲ್ಲಿನ ಗುಣವೇ ನೆಟ್ಟಗೆ ನಿಂತ ನವಿರಾದ ತುಪ್ಪುಳು, ಅದರ ನಡುವೆ ಸಿಕ್ಕಿಬಿದ್ದ ಗಾಳಿ. ಚಳಿಯ ದೇಶದಲ್ಲಿ ಅದು ವರ. ಮಾರ್ಚ್ ಕಳೆದ ಮೇಲಿನ ಭಟ್ಕಳದಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ಬೆವರು ಆರುವುದೇ ನಿಧಾನ. ಮೈಗಂಟಿದ ಆ ಒದ್ದೆ ಗಾಳಿಯನ್ನು ಹೊರಗೆ ದಬ್ಬಿ ಹೊಸ ಗಾಳಿಯನ್ನು ಒಳಗೆ ತರುವುದೊಂದೇ ದಾರಿ. ಸಡಿಲವಾಗಿ ಸುತ್ತಿದ ಬಟ್ಟೆ ನಡೆವಾಗ ಬೀಸುತ್ತ ಆ ಕೆಲಸ ಮಾಡುತ್ತದೆ. ಸಿನಾಯ್ ಮರುಭೂಮಿಯ ಬೆದುಯಿನರು ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ಪರೀಕ್ಷಿಸಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದವರಿಗೂ ಸಿಕ್ಕ ಉತ್ತರ ಇದರ ಹತ್ತಿರದ್ದೇ: ಅಂಗಿ ಸಡಿಲವಿದ್ದರೆ ಒಳಗಿನ ಗಾಳಿಯ ಓಡಾಟದಿಂದಾಗಿ ಬಟ್ಟೆ ಕಪ್ಪೋ ಬಿಳಿಯೋ ಎಂಬುದು ಮೈಗೆ ತಾಗುವ ಬಿಸಿಯಲ್ಲಿ ವ್ಯತ್ಯಾಸ ಮಾಡುವುದಿಲ್ಲ. ಅಲ್ಲಿ ಒಣ ಗಾಳಿ, ಇಲ್ಲಿ ಒದ್ದೆ ಗಾಳಿ, ಹಾಗಾಗಿ ಆ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು. ಗಾಳಿಗೆ ದಾರಿ ಬಿಡಬೇಕೆಂಬ ತತ್ವ ಮಾತ್ರ ಎರಡೂ ಕಡೆಗೆ ಒಂದೇ.

ಈಗ ಯಾರಾದರೂ ನಿಜವಾಗಿ ಆ ಕಾಲದ ಉಡುಪನ್ನು ಕಟ್ಟಹೊರಟರೆ ಹೊಲಿಗೆಯಂಗಡಿಗಿಂತ ಮೊದಲು ಹತ್ತಿಯ ಹೊಲಕ್ಕೆ ಹೋಗಬೇಕಾದೀತು. ಇಂದು ಭಾರತದ ಹತ್ತಿ ಬಹುಪಾಲು ಅಮೆರಿಕ ಮೂಲದ ಹಿರ್ಸುಟಮ್ ಜಾತಿಯದು; ಅದರ ಜೀವಕೋಶದಲ್ಲಿ 52 ವರ್ಣತಂತುಗಳು. ನಮ್ಮ ಹಳೆಯ ದೇಶಿ ಹತ್ತಿಗಳಾದ ಹರ್ಬೇಸಿಯಮ್, ಆರ್ಬೋರಿಯಮ್‌ಗಳಲ್ಲಿ 26. ಬ್ರಿಟಿಷರು 1840ರ ದಶಕದಲ್ಲಿ ಧಾರವಾಡದ ಕಪ್ಪುಮಣ್ಣಿಗೆ ಅಮೆರಿಕದ ಹತ್ತಿಯನ್ನು ಒಗ್ಗಿಸಲು ಹೆಣಗಿದ್ದು ಗಿರಣಿಗೆ ಬೇಕಾದ ಉದ್ದ ಎಳೆಗಾಗಿ. ರಾಣಿಯ ಕಾಲದ ಬಟ್ಟೆ ಗಿಡ್ಡ ಎಳೆಯ ದೇಶಿ ಹತ್ತಿಯದು, ಕೈಯಲ್ಲಿ ನೂತದ್ದು. ನೂಲು ಒಂದೇ ಸಮನಿರದೆ ಮೈ ಸ್ವಲ್ಪ ಒರಟು. ಆ ಒರಟೇ ಸುತ್ತಿಗೆ ಹಿಡಿತ ಕೊಡುತ್ತದೆ. ಕರಾವಳಿಯ ಮಳೆ ಹತ್ತಿಗೆ ಒಗ್ಗದು, ಆದ್ದರಿಂದ ಬಟ್ಟೆಯೋ ನೂಲೋ ಘಟ್ಟ ಇಳಿದೇ ಬಂದಿರಬೇಕು. ಹರ್ಬೇಸಿಯಮ್ ಜಾತಿಯ ಜಯಧರ ತಳಿ ಧಾರವಾಡದ ಕಡೆ ಇನ್ನೂ ಪೂರ್ತಿ ಮರೆಯಾಗಿಲ್ಲ. ಅದರ ಕೈಮಗ್ಗದ ಬಟ್ಟೆಯಲ್ಲಿ ಒಂದು ಸೀರೆ ನೇಯಿಸಿ ಉಟ್ಟು ನೋಡುವುದು ನಾಲ್ಕು ಮಖಮಲ್ಲಿನ ರವಿಕೆಗಿಂತ ಹೆಚ್ಚು ಕಲಿಸುತ್ತದೆ.

ಬಣ್ಣಕ್ಕೂ ಇದೇ ಮಾತು. ಪರ್ಕಿನ್ 1856ರಲ್ಲಿ ಮೊದಲ ಕೃತಕ ನೇರಳೆ ಬಣ್ಣವನ್ನು ಮಾಡಿದ. ಅದಕ್ಕೂ ಮೊದಲು ಹತ್ತಿಗೆ ಗಟ್ಟಿ ಕೆಂಪು ಕೂರಿಸುವುದೆಂದರೆ ದೊಡ್ಡ ವಿದ್ಯೆ. ಬೇರಿನ ಕೆಂಪು ಹತ್ತಿಗೆ ತಾನಾಗಿ ಅಂಟದು. ಮೊದಲು ಅಳಲೆಕಾಯಿಯ ಒಗರು, ಆಮೇಲೆ ಪಟಿಕದ ನೀರು. ಒಗರು ನಾರನ್ನು ಹಿಡಿಯುತ್ತದೆ, ಪಟಿಕದ ಅಲ್ಯೂಮಿನಿಯಂ ಒಗರನ್ನು ಹಿಡಿಯುತ್ತದೆ, ಬಣ್ಣ ಅಲ್ಯೂಮಿನಿಯಮ್ಮನ್ನು ಹಿಡಿದು ಕೂರುತ್ತದೆ. ಬಾರ್ಬೋಸ ಭಟ್ಕಳದ ವ್ಯಾಪಾರದ ಸರಕುಗಳಲ್ಲಿ ಅಳಲೆಕಾಯಿಯನ್ನೂ ಹೆಸರಿಸಿದ್ದಾನೆ.

ಉಟ್ಟು ತೋರಿಸುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಕೋಲಾ, ಕುಮಟಾ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ರವಿಕೆಯಿಲ್ಲದೆ, ಸೀರೆಯನ್ನು ಹೆಗಲ ಮೇಲೆ ಬಿಗಿದು, ಕೊರಳ ತುಂಬ ಮಣಿಸರ ತೊಡುತ್ತಾರೆ. 2021ರ ನವೆಂಬರಿನಲ್ಲಿ ಅದೇ ಸಮುದಾಯದ ತುಳಸಿ ಗೌಡ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಅದೇ ಉಡುಪಿನಲ್ಲಿ, ಬರಿಗಾಲಿನಲ್ಲಿ. ಎರಡೂ ಕೈ ಪೂರ್ತಿ ಬಿಡುವಾಗಿರುವಂತೆ ಉಡುವ ಈ ಬಗೆ ನೆಟ್ಟಿ, ಕಳೆ, ಹೊರೆಯ ಕೆಲಸಕ್ಕೆ ಹೇಳಿಮಾಡಿಸಿದ್ದು. ಕೈ ಎತ್ತಿದರೆ ಹರಿಯಲು ಅಲ್ಲಿ ಹೊಲಿಗೆಯೇ ಇಲ್ಲ. ಇದನ್ನು ಕೂಡ ಐನೂರು ವರ್ಷದಿಂದ ಬದಲಾಗದೆ ಉಳಿದದ್ದು ಎನ್ನಲು ಆಧಾರವಿಲ್ಲ. ಯಾವ ಜನವೂ ಇತಿಹಾಸದ ಪೆಟ್ಟಿಗೆಯೊಳಗೆ ಕೂತಿರುವುದಿಲ್ಲ. ಆದರೆ ಆ ಅಜ್ಜಿಯರು ಯಾವ ಸುತ್ತು ಮೊದಲು, ಯಾವ ತುದಿ ಎಲ್ಲಿ ಸಿಕ್ಕಿಸುವುದು, ಗದ್ದೆಗೆ ಹೋಗುವಾಗ ಎಷ್ಟು ಎತ್ತರ ಎಂಬುದನ್ನೆಲ್ಲ ಕೈಯಲ್ಲೇ ಬಲ್ಲವರು. ಅದನ್ನು ಅವರ ಒಪ್ಪಿಗೆ ಪಡೆದು, ಹಂತಹಂತವಾಗಿ ಚಿತ್ರಿಸಿಡುವ ಕೆಲಸ ಈ ತಲೆಮಾರಿನಲ್ಲೇ ಆಗಬೇಕು.

ನಾಟಕ ಮಾಡುವವರಿಗೆ ನನ್ನ ಸಲಹೆ ಸರಳ: ಮಖಮಲ್ಲು ಬಿಡಿ, ಒರಟು ಹತ್ತಿಯ ಉದ್ದನೆಯ ಸೀರೆ ತನ್ನಿ, ಉಡಿಸಲು ಗೊತ್ತಿರುವ ಹಿರಿಯರೊಬ್ಬರನ್ನು ಚೌಕಿಗೆ ಕರೆಯಿರಿ. ರವಿಕೆ ಬೇಕೇ ಬೇಕೆಂದರೆ ಕಂಕುಳಲ್ಲಿ ಚೌಕದ ತುಂಡು ಮರೆಯಬೇಡಿ.

ಓದುಗರಲ್ಲಿ ಒಂದು ವಿನಂತಿಯೂ ಇದೆ. ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಅಜ್ಜಿಯ ಅಜ್ಜಿ ಉಟ್ಟ ಸೀರೆಯೋ, ಮದುವೆಯ ಕುಪ್ಪಸವೋ, ಜೀರ್ಣವಾದ ಮೇಲುವಸ್ತ್ರವೋ ಇದ್ದರೆ ಜರಿ ಕರಗಿಸಲು ಮಾರಬೇಡಿ, ಪಾತ್ರೆಯವನಿಗೆ ಕೊಡಬೇಡಿ. ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು, ತೊಳೆದು ಒಣಗಿಸಿದ ಬಣ್ಣವಿಲ್ಲದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹಾಕಿ, ಬಿಸಿಲಿಗೆ ಬೇಡ. ಮತ್ತೆ ಮಡಚುವಾಗ ಹಳೆಯ ಮಡಿಕೆಯಲ್ಲೇ ಮಡಚಬೇಡಿ, ಎಳೆ ಮುರಿಯುವುದು ಅಲ್ಲೇ. ಯಾರದು, ಯಾವ ಕಾಲದ್ದು, ಹೇಗೆ ಉಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.